ನೀರ ಬಂದಾವ, ನೀರ ಬಂದ್

ಚಿತ್ರ ಬರೆದರೆ ಸಾಕು, ಕೋಡ್ ತಾನಾಗಿಯೇ ಬರುತ್ತದೆ ಎಂದು ತರಬೇತಿಯಲ್ಲಿ ನನಗೆ ಹೇಳಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರು ಸುಳ್ಳು ಹೇಳಿದರೆಂದಲ್ಲ. ಕೋಡ್ ತಾನಾಗಿಯೇ ಬಂತು. ಬಂದ ಮೇಲೆ ಏನಾಯಿತು ಎಂದು ನೋಡಲು ಅವರು ಅಲ್ಲಿರಲಿಲ್ಲ, ಅಷ್ಟೇ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಶಹಾಬಾದಿನಲ್ಲಿ ಅಕ್ಕನ ಮನೆಯಲ್ಲಿ ವಾಸ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು, ವಾಡಿಯಲ್ಲಿ ಗಾಡಿ ಬದಲಿಸಿ, ಸೇಡಂ ದಾರಿಯ ಆ ಕಾಲೇಜಿಗೆ ಹೋಗಿ ಬರುವುದು. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ನನ್ನ ಆಯುಷ್ಯದ ಎಷ್ಟು ಭಾಗ ಕಳೆದಿದೆಯೋ ದೇವರಿಗೇ ಗೊತ್ತು.

ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಮಾಮಾ ಊರ ಹೊರಗಿನ ಒಂದು ಫರ್ಸಿ ಕಾರ್ಖಾನೆಯಲ್ಲಿ ಕಟಿಂಗ್ ಮಷಿನ್ ನಡೆಸುತ್ತಿದ್ದರು. ಖಣಿಯಿಂದ ಬಂದ ಒರಟು ಹಾಸುಗಲ್ಲನ್ನು ದುಂಡನೆಯ ದೊಡ್ಡ ಬ್ಲೇಡಿನ ಕೆಳಗಿಟ್ಟು ಅಳತೆಗೆ ಕೊಯ್ಯುವ ಕೆಲಸ ಅದು. ಬ್ಲೇಡಿನ ಮೇಲೆ ಸದಾ ನೀರು ಬೀಳುತ್ತಿರಬೇಕು. ನೀರು ನಿಂತರೆ ಬ್ಲೇಡು ಕಾದು ಸುಟ್ಟುಹೋಗುತ್ತದೆ, ಅದರ ಹಲ್ಲು ಕಿತ್ತು ಯಾರ ಕಣ್ಣಿಗೆ ಹಾರುತ್ತದೋ ಹೇಳಲಾಗದು. ಆ ನೀರೋ, ಕೊಯ್ದ ಕಲ್ಲಿನ ಕೆಸರೆಲ್ಲ ಸೇರಿದ ಹೊಂಡದಿಂದಲೇ ತಿರುಗಿ ಟಾಕಿಗೆ ಏರಿ ಬರುವಂಥದ್ದು. ದಿನಕ್ಕೆ ಎರಡು ಸಲ ಪೈಪು ಕಟ್ಟಿಕೊಳ್ಳುತ್ತಿತ್ತು. ಅದಕ್ಕಾಗಿಯೇ ಟಾಕಿಯ ಹತ್ತಿರ ಒಬ್ಬ ಮುದುಕಿಯನ್ನು ಕೂರಿಸಿದ್ದರು. ನೀರು ನಿಂತರೆ ಆಕೆ ಕೂಗಬೇಕು, ಮತ್ತೆ ಬಂದರೆ ಮತ್ತೆ ಕೂಗಬೇಕು.

ಅಷ್ಟು ವರ್ಷ ಆ ಸದ್ದಿನಲ್ಲಿ ನಿಂತು ಮಾಮಾರ ಕಿವಿ ಸ್ವಲ್ಪ ಮಂದವಾಗಿತ್ತು. ಸ್ವಲ್ಪ ಎಂಬುದು ಅವರದೇ ಮಾತು, ನಾವು ನಂಬಿದ್ದೆವು. ಆ ವರ್ಷ ಎರಡು ಸಲ ಬ್ಲೇಡು ಒಣಗಿ ಓಡಿ ಸುಟ್ಟಿತ್ತು. ಮುದುಕಿ ಕೂಗಿದರೂ ಇವರು ಮಷಿನ್ ನಿಲ್ಲಿಸಿರಲಿಲ್ಲ. ಒಮ್ಮೊಮ್ಮೆ ನೀರು ಬಂದಾಗಲೇ ನಿಲ್ಲಿಸಿಬಿಡುತ್ತಿದ್ದರಂತೆ. ಇವನ ತಲೆ ಉಲ್ಟಾ ನಡೆಯುತ್ತದೆ ಎಂದು ಕಾರ್ಖಾನೆಯಲ್ಲಿ ನಗುವುದು, ಅವರೂ ಜತೆಗೆ ನಗುವುದು. ಕೊನೆಗೆ ಮಾಲಕರು ಒಂದು ದಿನ ನಗಲಿಲ್ಲ.

"ಇನ್ನೊಂದು ಬ್ಲೇಡ್ ಸುಟ್ತಂದ್ರ ನೀ ಮಷಿನ್ ಬಿಟ್ಟು ಲೋಡಿಂಗಿಗೆ ಹೋಗು" ಎಂದರು.

ಲೋಡಿಂಗ್ ಎಂದರೆ ಬೆಳಿಗ್ಗೆಯಿಂದ ಸಂಜೆವರೆಗೆ ಲಾರಿಗೆ ಕಲ್ಲು ಏರಿಸುವುದು. ಮಾಮಾರ ಸೊಂಟ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದಕ್ಕೇ ಒಪ್ಪುತ್ತಿರಲಿಲ್ಲ. ಲೋಡಿಂಗಿಗೆ ಹೋಗು ಎಂದರೆ ಮನೆಗೆ ಹೋಗು ಎಂದೇ ಅರ್ಥ. ಅಕ್ಕ ಆ ದಿನ ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬೀಳುವ ಪೆಟ್ಟು ಜೋರಾಗಿತ್ತು.

ನಾನು ಬಾಯಿ ಹಾಕಿದ್ದು ಆಗ. "ಅದಕ್ಕೇನು ಮಾಮಾ, ನೀರ ನಿಂತ ಕೂಡ್ಲೆ ಮಷಿನ್ ತಾನೇ ನಿಲ್ಲೋ ಹಂಗ ಒಂದು ಬೋರ್ಡ್ ಮಾಡಿ ಕೊಡ್ತೀನಿ" ಎಂದೆ. ಹೊಸ ಸಾಫ್ಟ್‌ವೇರೊಂದರ ತರಬೇತಿ ಮುಗಿಸಿಕೊಂಡು ಬಂದ ಹೊಸತು. ನನಗೆ ಎರಡು ಕೋಡು ಮೂಡಿದ್ದವು.

ಮಾಡಬೇಕಾದದ್ದು ಕೇಳಲು ಸರಳ. ಅಂಗೈಯಷ್ಟು ಬೋರ್ಡು, ಅದರ ಮೇಲೊಂದು ಮೈಕ್ರೋಕಂಟ್ರೋಲರ್ ಚಿಪ್ಪು. ನೀರಿನ ಪೈಪಿನಲ್ಲಿ ಒಂದು ಸ್ವಿಚ್ಚು, ನೀರು ಹರಿದರೆ ಅದು ಒತ್ತಿಕೊಳ್ಳುತ್ತದೆ. ಬೋರ್ಡು ಅದನ್ನು ನೋಡಿ ಮೋಟಾರನ್ನು ನಡೆಸುವುದು, ನಿಲ್ಲಿಸುವುದು. ಚಿಪ್ಪಿಗೆ ಬೇಕಾದ ಪ್ರೋಗ್ರಾಮನ್ನು ಸಾಲುಸಾಲಾಗಿ ಕೈಯಲ್ಲಿ ಬರೆಯಬಹುದಿತ್ತು. ಈಗ ಅನಿಸುತ್ತದೆ, ಒಂದು ಮಧ್ಯಾಹ್ನದ ಕೆಲಸ. ಆದರೆ ನಾನು ಕಲಿತು ಬಂದದ್ದು ಹೊಸ ವಿಧಾನ. ಕಂಪ್ಯೂಟರಿನ ಮೇಲೆ ಪೆಟ್ಟಿಗೆ, ಬಾಣಗಳ ಚಿತ್ರ ಬರೆಯುವುದು. ಮಷಿನ್ ಯಾವ ಸ್ಥಿತಿಯಲ್ಲಿದೆ, ಏನಾದರೆ ಯಾವ ಸ್ಥಿತಿಗೆ ಹೋಗಬೇಕು ಎಂಬುದೆಲ್ಲ ಚಿತ್ರದಲ್ಲಿ. ಆ ಸಾಫ್ಟ್‌ವೇರ್ ಚಿತ್ರವನ್ನು ನೋಡಿ ತಾನೇ ಕೋಡ್ ಬರೆಯುತ್ತದೆ. ಇದರ ದೊಡ್ಡ ಲಾಭವೇನು? ಕೋಡ್ ಓದಲಾಗದವರೂ ಚಿತ್ರ ಓದಬಹುದು. ಮಷಿನ್ ಬಲ್ಲವನೇ ಚಿತ್ರ ನೋಡಿ ಸರಿ, ತಪ್ಪು ಹೇಳಬಹುದು. ಈ ಮಾತನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ.

ಹಾಗಾಗಿ ಒಂದು ಭಾನುವಾರ ಮಾಮಾರನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿಕೊಂಡು ಮಷಿನ್ ಹೇಗೆ ನಡೆಯಬೇಕೆಂದು ಕೇಳಿದೆ.

"ಏನದ ಇದರಾಗ ಮೇಡಂ" ಎಂದರು ಚೇಷ್ಟೆಯಿಂದ. ನನಗೆ ನೌಕರಿ ಸಿಕ್ಕಾಗಿನಿಂದ ಅವರ ಬಾಯಲ್ಲಿ ನಾನು ಮೇಡಂ. "ನೀರ ಬಂದಾವ ಅಂದ್ರ ಮಷಿನ್ ಚಾಲೂ. ನೀರ ಬಂದ್ ಆಗ್ಯಾವ ಅಂದ್ರ ಮಷಿನ್ ಬಂದ್. ಇಷ್ಟೇ ನೋಡು."

ನಮ್ಮ ಕಡೆ ನೀರು ಯಾವಾಗಲೂ ಬಹುವಚನ. ನೀರು ಬಂದಿವೆ ಎನ್ನುವುದಕ್ಕೆ 'ಬಂದಾವ', ನಿಂತಿವೆ ಎನ್ನುವುದಕ್ಕೆ 'ಬಂದ್ ಆಗ್ಯಾವ'. ನಾನು ಮಾಮಾರ ಮಾತನ್ನೇ ಪೆಟ್ಟಿಗೆಗಳ ಹೆಸರು ಮಾಡಿದೆ. ಪುಸ್ತಕದ ಇಂಗ್ಲಿಷ್ ಹೆಸರು ಯಾಕೆ, ಇದು ಅವರ ಮಷಿನ್, ಅವರ ಮಾತೇ ಇರಲಿ ಎಂಬ ಅಭಿಮಾನ. ಬರೆದದ್ದನ್ನೆಲ್ಲ ಕಾಗದದ ಮೇಲೆ ಬಗ್ಗಿಕೊಂಡು ತರಗತಿಯಲ್ಲಿ ಓದುವ ವೇಗದಲ್ಲೇ ಓದಿ ಹೇಳಿದೆ. ಮಾಮಾ ಪ್ರತಿ ಸಾಲಿಗೂ ತಲೆಯಾಡಿಸಿದರು. "ಹೂಂ. ಬರೋಬ್ಬರಿ ಅದ" ಎಂದರು. ಪುಸ್ತಕದಲ್ಲಿ ಹೇಳಿದ್ದ ಹಾಗೆಯೇ ನಡೆಯಿತಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಅಕ್ಕನಿಗೆ ಎರಡು ಸಲ ಚಹಾ ಮಾಡಿಸಿದೆ.

ಖುಷಿ ಅಲ್ಲಿಗೆ ಮುಗಿಯಿತು.

ಆ ಸಾಫ್ಟ್‌ವೇರ್ ನಡೆಯಬೇಕಾದರೆ ಕಂಪ್ಯೂಟರಿನ ಹಿಂದೆ ಒಂದು ಬೆರಳುದ್ದದ ಕೀಲಿ ಸಿಕ್ಕಿಸಬೇಕು. ಕಳುವಾಗಬಾರದೆಂದು ಅದನ್ನು ವಿಭಾಗದ ಮುಖ್ಯಸ್ಥರ ಕಪಾಟಿನಲ್ಲಿ ಇಟ್ಟಿದ್ದರು. ಕಪಾಟಿನ ಕೀಲಿ ಮುಖ್ಯಸ್ಥರ ಜೇಬಿನಲ್ಲಿ. ಮುಖ್ಯಸ್ಥರು ಪರೀಕ್ಷೆಯ ಕೆಲಸಕ್ಕೆ ಬೇರೆ ಊರಲ್ಲಿ. ಒಂದು ಕೀಲಿಗಾಗಿ ಇನ್ನೊಂದು ಕೀಲಿ ಕಾಯುತ್ತ ಎರಡು ವಾರ ಹೋಯಿತು. ಕೀಲಿ ಸಿಕ್ಕ ದಿನ ಕರೆಂಟು ಇಲ್ಲ. ಕರೆಂಟು ಬಂದ ದಿನ, ಚಿಪ್ಪಿನ ಭಾಷೆಗೆ ಕೋಡ್ ತಿರುಗಿಸುವ ಕಂಪೈಲರ್ ಸಿಗುತ್ತಿಲ್ಲ ಎಂದು ಸಾಫ್ಟ್‌ವೇರಿನ ತಕರಾರು. ಕಣ್ಣೆದುರೇ ಇದೆ, ಸಿಗುವುದಿಲ್ಲವಂತೆ! ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಫೋಲ್ಡರಿನ ಹೆಸರಿನಲ್ಲಿ ಎರಡು ಶಬ್ದಗಳ ನಡುವೆ ಒಂದು ಖಾಲಿ ಜಾಗವಿತ್ತು. ಆ ಖಾಲಿ ಜಾಗದಲ್ಲಿ ಅದು ಬಿದ್ದು ಸಾಯುತ್ತಿತ್ತು. ಜಾಗ ತೆಗೆದೆ, ನಡೆಯಿತು. ಯಾರ ಮೇಲೆ ಸಿಟ್ಟು ಮಾಡುವುದು?

ಆಮೇಲೆ ನನ್ನ ಚಿಪ್ಪು ಅದರ ಪಟ್ಟಿಯಲ್ಲೇ ಇಲ್ಲ. ಹತ್ತಿರದ ಸೋದರನಂಥ ಇನ್ನೊಂದನ್ನು ಆರಿಸಿ, ವ್ಯತ್ಯಾಸಗಳನ್ನು ಕೈಯಲ್ಲಿ ತಿದ್ದಿದೆ. ಆಮೇಲೆ ಬಂದ ಕೋಡ್ ಚಿಪ್ಪಿನಲ್ಲಿ ಹಿಡಿಸಲಿಲ್ಲ. ನೀರು ಇದೆ, ಇಲ್ಲ ಎಂಬ ಎರಡೇ ಮಾತಿಗೆ ಅದು ದಶಮಾಂಶದ ಲೆಕ್ಕ ಹಾಕುವ ಸರಂಜಾಮನ್ನೆಲ್ಲ ತುಂಬಿಕೊಂಡು ಬಂದಿತ್ತು, ಪಕ್ಕದೂರಿಗೆ ಹೊರಟವರು ಗಂಟುಮೂಟೆ ಕಟ್ಟಿದ ಹಾಗೆ. ಒಂದೊಂದು ಪೆಟ್ಟಿಗೆಯ ಒಳಹೊಕ್ಕು ಇದು ಬರೀ ಹೌದು, ಅಲ್ಲ ಎಂದು ತಿಳಿಸಿ ಹೇಳಬೇಕಾಯಿತು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಅದೇನ್ರಿ ಮೇಡಂ, ಒಂದು ಸ್ವಿಚ್ಚಿಗೆ ಮೂರು ತಿಂಗಳಾ?" ಎಂದು ಕೇಳಿದಾಗ ಕೈಯಲ್ಲಿದ್ದ ಡಸ್ಟರ್ ಎಸೆಯದೆ ಉಳಿದದ್ದೇ ಹೆಚ್ಚು.

ಕಾರ್ಖಾನೆಯಲ್ಲಿ ಬೋರ್ಡು ತೋರಿಸುವುದು ಮರುದಿನ ಎಂದಾಗ ಕೊನೆಯ ತಕರಾರು ಬಂತು. ಸಾಫ್ಟ್‌ವೇರ್ ಚಿತ್ರದ ಹೆಸರು, ಪೆಟ್ಟಿಗೆಯ ಹೆಸರು ಎಲ್ಲ ಜೋಡಿಸಿ ಗಜದುದ್ದ ಹೆಸರು ಮಾಡುತ್ತಿತ್ತು. ಕಂಪೈಲರಿಗೆ ಅಷ್ಟುದ್ದ ನುಂಗಲಾಗಲಿಲ್ಲ. ಗಾಡಿಯ ಹೊತ್ತಾಗಿತ್ತು, ಕೀಲಿ ವಾಪಸು ಕೊಡಬೇಕಿತ್ತು. ಹೆಸರುಗಳನ್ನು ಇಷ್ಟೇ ಅಕ್ಷರಕ್ಕೆ ಕತ್ತರಿಸು ಎಂಬ ಒಂದು ಆಯ್ಕೆ ಕಂಡಿತು, ಒತ್ತಿದೆ. ಹೆಸರೇನಾದರೂ ಬದಲಾದರೆ, ಚಿಪ್ಪನ್ನು ಮೋಟಾರಿಗೆ ಜೋಡಿಸಲು ನಾನು ಕೈಯಲ್ಲಿ ಬರೆದಿದ್ದ ನಾಲ್ಕು ಸಾಲೂ ಹೊಂದಬೇಕಲ್ಲ, ಅಂದಾಜಿನಲ್ಲಿ ಅವನ್ನೂ ಹೊಂದಿಸಿದೆ. ತಪ್ಪಿಲ್ಲದೆ ಕೋಡ್ ತಯಾರಾಯಿತು ಎಂದು ಪರದೆ ಹೇಳಿತು. ಕಂಪ್ಯೂಟರಿನ ಚಿತ್ರದಲ್ಲಿ ಎಲ್ಲ ಸರಿಯಾಗಿ ಓಡಿತು. ಚಿಪ್ಪಿಗೆ ತುಂಬಿಸಿ, ಬೋರ್ಡಿನ ಮೇಲೆ ಒಮ್ಮೆಯೂ ಪರೀಕ್ಷಿಸದೆ ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ಓಡಿದೆ. ಇದನ್ನು ನನ್ನ ವಿದ್ಯಾರ್ಥಿ ಮಾಡಿದ್ದರೆ ತರಗತಿಯಿಂದ ಹೊರಗೆ ಹಾಕುತ್ತಿದ್ದೆ.

ಮರುದಿನ ಗುರುವಾರ, ನನಗೆ ರಜೆ. ಬೋರ್ಡನ್ನು ಮಷಿನಿಗೆ ಜೋಡಿಸಿ ಆಗಿತ್ತು. ಮಾಲಕರು ಕೈಕಟ್ಟಿ ನಿಂತಿದ್ದರು. ನೀರು ಬಿಟ್ಟೆವು, ಬ್ಲೇಡಿನ ಮೇಲೆ ಧಾರಾಳ ಬಿತ್ತು. ಮಷಿನ್ ಮಾತ್ರ ಅಲ್ಲಾಡಲಿಲ್ಲ.

"ಏನ್ರಿ ಮೇಡಂ, ನಿಮ್ಮ ಮಷಿನಿಗೂ ಕಿವಿ ಕೇಳಸಂಗಿಲ್ಲೇನು?" ಎಂದರು ಮಾಲಕರು.

ಮಾಮಾ ಅಷ್ಟರಲ್ಲಿ ಬ್ಲೇಡಿನ ಕೆಳಗೆ ಕಲ್ಲು ಸರಿಪಡಿಸಲು ಬಗ್ಗಿದ್ದರು. ಪೈಪಿನ ಸ್ವಿಚ್ಚು ಸಿಕ್ಕಿಕೊಂಡಿರಬೇಕೆಂದು ನಾನು ಹೋಗಿ ನೀರಿನ ವಾಲ್ ತಿರುಗಿಸಿ ಮುಚ್ಚಿದೆ. ನೀರು ನಿಂತಿತು. ನಿಂತ ಮರುಕ್ಷಣ ಬ್ಲೇಡು ತಾನಾಗಿಯೇ ಗಿರ್ರನೆ ತಿರುಗತೊಡಗಿತು, ಒಣಗಿದ್ದು, ಮಾಮಾರ ಕೈಯಿಂದ ಒಂದು ಗೇಣು ದೂರದಲ್ಲಿ. ಟಾಕಿಯ ಮುದುಕಿ ಚೀರಿದಳು. ನಾನೂ ಚೀರಿದೆ. ಮಾಮಾ ನಮ್ಮಿಬ್ಬರ ಕಡೆಗೂ ತಿರುಗಲಿಲ್ಲ. ಕಲ್ಲು ನಡುಗಿದ್ದು ಕೈಗೆ ತಿಳಿದು ಹಿಂದೆ ಸರಿದರು.

ಯಾರಿಗೂ ಏನೂ ಆಗಲಿಲ್ಲ. ಮಾಲಕರು ಮೇನ್ ಸ್ವಿಚ್ ತೆಗೆದು, "ಮುಂದಿನ ಗುರುವಾರದ ತನಕ ನೋಡ್ತೀನಿ. ಆಮ್ಯಾಲ ಇವನ ಜಾಗಾಕ್ಕ ಬ್ಯಾರೆಯವ್ರು ಬರ್ತಾರ" ಎಂದರು.

ಎರಡು ದಿನ ಕೋಡಿನ ಪ್ರಿಂಟ್ ಹಿಡಿದುಕೊಂಡು ಕೂತೆ. ಗಾಡಿಯಲ್ಲಿ, ಪ್ಲಾಟ್‌ಫಾರ್ಮಿನಲ್ಲಿ, ಊಟದ ತಾಟಿನ ಪಕ್ಕದಲ್ಲಿ. ಚಿತ್ರ ಸರಿ, ಬೋರ್ಡು ಉಲ್ಟಾ. ಸಾಫ್ಟ್‌ವೇರ್ ಬರೆದ ಕೋಡ್ ಓದಿದವರಿಗೆ ಗೊತ್ತು, ಅದು ಮನುಷ್ಯರು ಓದಲಿ ಎಂದು ಬರೆದದ್ದಲ್ಲ. ಅದೇ ಅದೇ ಹೆಸರುಗಳು, ಹಿಂದೆ ಮುಂದೆ ಅಡ್ಡಗೆರೆಗಳು. ಕಣ್ಣು ಉರಿಯುತ್ತಿತ್ತು, ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ನನ್ನ ಮೇಲೇ ಹೇಸಿಗೆ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ನಲ್ಲಿಗೆ ನೀರು ಬಿಡುವ ದಿನ. ನಾನು ಪ್ರಿಂಟ್ ಹಿಡಿದು ಬಾಗಿಲಲ್ಲಿ ಕೂತಿದ್ದೆ. ಮಾಮಾ ಬೆನ್ನು ಹಾಕಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಅಕ್ಕ ನಲ್ಲಿಯ ಹತ್ತಿರದಿಂದ ಕೂಗಿದಳು:

"ನೀರ ಬಂದಾವ!"

ಮಾಮಾ ತಲೆ ಎತ್ತದೆಯೇ, "ಬಂದ್ ಆದ್ವಾ? ಇಷ್ಟ ಲಗೂನ?" ಎಂದರು.

ಅಕ್ಕ ಏನೂ ಆಗದವಳಂತೆ ಕೊಡ ತುಂಬತೊಡಗಿದಳು. ಅವಳಿಗೆ ಅದು ದಿನದ ಮಾತು. ನಾನು ತೊಡೆಯ ಮೇಲಿನ ಕಾಗದ ನೋಡಿದೆ. 'ನೀರ ಬಂದಾವ', 'ನೀರ ಬಂದ್ ಆಗ್ಯಾವ'. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬಾಲ ಕತ್ತರಿಸಿದರೆ ಎರಡರಲ್ಲೂ ಉಳಿಯುವುದು 'ನೀರ ಬಂದ್'. ಸಾಫ್ಟ್‌ವೇರ್ ಒಂದನ್ನು ಹಾಗೇ ಬಿಟ್ಟು, ಇನ್ನೊಂದರ ಬಾಲಕ್ಕೆ ಗುರುತಿಗೆಂದು ಒಂದು ಅಕ್ಷರ ಅಂಟಿಸಿತ್ತು. ಅಂದಾಜಿನಲ್ಲಿ ಹೊಂದಿಸಿದ ಸಾಲಿನಲ್ಲಿ ನಾನು ಬಂದ್ ಆದ ನೀರನ್ನು ಬಂದ ನೀರೆಂದು ತಿಳಿದು ಮೋಟಾರಿಗೆ ಕಟ್ಟಿದ್ದೆ.

ತಪ್ಪು ಸಿಕ್ಕಿತು ಎಂದು ಕುಣಿಯಬೇಕಿತ್ತು. ಆದರೆ ನಾನು ಮಾಮಾರ ಬೆನ್ನನ್ನೇ ನೋಡುತ್ತ ಕೂತೆ. ಟಾಕಿಯ ಮುದುಕಿ ಕೂಗುತ್ತಿದ್ದದ್ದೂ ಇದೇ ಎರಡು ಮಾತು. ಮಷಿನಿಗೆ ಆದದ್ದೇ ಇವರಿಗೂ ಆಗುತ್ತಿತ್ತು. ಮಾತಿನ ಮೊದಲ ತುಂಡು ಕಿವಿಗೆ ಬೀಳುತ್ತಿತ್ತು, ಬಾಲ ಬೀಳುತ್ತಿರಲಿಲ್ಲ. ಉಳಿದದ್ದನ್ನು ಅಂದಾಜಿನಲ್ಲಿ ಹೊಂದಿಸಿಕೊಳ್ಳುತ್ತಿದ್ದರು, ನನ್ನ ಹಾಗೆಯೇ. ತಲೆ ಉಲ್ಟಾ ನಡೆಯುತ್ತದೆ ಎಂದು ಕಾರ್ಖಾನೆಯವರು ನಕ್ಕದ್ದು ಇದಕ್ಕೆ. ಒಂದೇ ಸೂರಿನ ಕೆಳಗಿದ್ದು ನನಗೆ ತಿಳಿಯಲಿಲ್ಲ. ಕಂಪ್ಯೂಟರ್ ಹೆಸರು ಕತ್ತರಿಸುತ್ತದೆ ಎಂದು ಬೈಯಲು ಮಾತ್ರ ನನಗೆ ಪುರುಸೊತ್ತಿತ್ತು.

ಅವರ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಮುಖ ಕಾಣುವ ಹಾಗೆ ಕೇಳಿದೆ: "ಮಾಮಾ, ಆವತ್ತ ನಾ ಚಿತ್ರ ಓದಿದ್ನಲ್ಲ, ನಿಮಗ ಕೇಳಿಸ್ತಾ?"

ಅವರು ಚೈನನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರು. ಆಮೇಲೆ, "ನೀ ಭಾಳ ಖುಷಿಲೆ ಓದ್ಲಿಕತ್ತಿದ್ದಿ" ಎಂದರು. "ಹೂಂ ಅಂದೆ. ಎಲ್ಲಾರಿಗೂ ಹಂಗೇ ಅಂತೀನಿ. ನಿಮ್ಮಕ್ಕಗ ಹೇಳಬ್ಯಾಡ."

ಮಷಿನ್ ಬಲ್ಲವನೇ ಸರಿ, ತಪ್ಪು ಹೇಳುವ ವಿಧಾನ! ಆ ವಿಧಾನದ ಬಗ್ಗೆ ನಾನು ಮಾಡಿದ ಭಾಷಣಗಳೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಏನೂ ಕೇಳಿಸದವರ ಒಂದು ಹೂಂ ಇಟ್ಟುಕೊಂಡು ಮೂರು ತಿಂಗಳು ಕುಣಿದಿದ್ದೆ.

ಹಳೆಯ ಕ್ಯಾಲೆಂಡರಿನ ಹಿಂಬದಿಗೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಪೆಟ್ಟಿಗೆ, ಬಾಣ ಬರೆದು ಅವರ ಮುಂದಿಟ್ಟೆ. ಈ ಸಲ ನಾನು ಓದಲಿಲ್ಲ. ಮಾಮಾ ನಾಲ್ಕನೆಯ ಇಯತ್ತೆವರೆಗೆ ಕಲಿತವರು. ಎಣ್ಣೆ ಹತ್ತಿದ ಬೆರಳನ್ನು ಅಕ್ಷರಗಳ ಕೆಳಗೆ ಎಳೆಯುತ್ತ ಒಂದೊಂದೇ ಪೆಟ್ಟಿಗೆ ಓದಿದರು. ಅವಸರ ಮಾಡಬಾರದೆಂದು ನನ್ನ ಕೈಯನ್ನು ನಾನೇ ಹಿಡಿದುಕೊಂಡು ಕೂತಿದ್ದೆ. ಮೂರನೆಯ ಬಾಣದ ಮೇಲೆ ಬೆರಳು ನಿಂತಿತು.

"ಇದು ತಪ್ಪದ" ಎಂದರು.

ಆ ಮನೆಯಲ್ಲಿ ಅವರು ನನಗೆ ತಪ್ಪು ಎಂದದ್ದು ಅದೇ ಮೊದಲು.

"ನಿಂತ ನೀರ ಮತ್ತ ಬಂದಾವ ಅಂದ್ರ ಮಷಿನ್ ತಾನೇ ಚಾಲೂ ಆಗ್ಬಾರದು. ಕೈ ಎಲ್ಲಿರ್ತದೋ ಏನೋ. ಮನಷ್ಯಾ ಗುಂಡಿ ಒತ್ತಬೇಕು, ಆಮ್ಯಾಲ ಚಾಲೂ."

ಬೋರ್ಡಿನ ಹೆಸರುಗಳನ್ನಷ್ಟೇ ತಿದ್ದಿ ಗುರುವಾರ ಹೋಗಿದ್ದರೆ ಮಾಲಕರ ಮುಂದೆ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಯಾವಾಗಲೋ ಒಂದು ದಿನ ಪೈಪಿನ ಕೆಸರು ಬಿಡಿಸಿಕೊಂಡು ನೀರು ತಾನಾಗಿ ಬರುತ್ತಿತ್ತು, ಮಾಮಾ ಬಗ್ಗಿರುತ್ತಿದ್ದರು.

ಸೋಮವಾರ ಮತ್ತೆ ಆ ಬೆರಳುದ್ದದ ಕೀಲಿಗಾಗಿ ಮುಖ್ಯಸ್ಥರ ಬಾಗಿಲಲ್ಲಿ ನಿಂತೆ. ಕೊಡುವವರೆಗೆ ತರಗತಿಗೆ ಹೋಗುವುದಿಲ್ಲ ಎಂದೆ. ನನ್ನ ಮುಖದಲ್ಲಿ ಏನು ಕಂಡಿತೋ, ಕೊಟ್ಟರು. 'ಬಂದ್ ಆಗ್ಯಾವ' ಎಂಬುದನ್ನು ಅಳಿಸಿ 'ನಿಂತಾವ' ಎಂದು ಬರೆದೆ. ಬಾಲ ಕತ್ತರಿಸಿದರೂ ಅದು ಇನ್ನೊಂದರ ಹಾಗೆ ಕಾಣುವುದಿಲ್ಲ. ಗುಂಡಿಗೆ ಒಂದು ಪೆಟ್ಟಿಗೆ ಸೇರಿಸಿದೆ. ಮಾಮಾರ ಕಣ್ಣಿನ ಎತ್ತರಕ್ಕೆ ಎರಡು ದೀಪ ಕಟ್ಟಿದೆ, ನೀರಿದ್ದರೆ ಹಸಿರು, ನಿಂತರೆ ಕೆಂಪು. ಈ ಸಲ ಬಕೀಟು, ಪೈಪು ಇಟ್ಟುಕೊಂಡು ಬೋರ್ಡನ್ನೇ ಎರಡು ದಿನ ಪರೀಕ್ಷಿಸಿದೆ. ಲ್ಯಾಬಿನ ನೆಲವೆಲ್ಲ ನೀರಾಗಿ ಅಟೆಂಡರ್ ನನ್ನೊಡನೆ ಮಾತು ಬಿಟ್ಟರು. ಶನಿವಾರ ಸಂಜೆಯೇ ಟಾಕಿಯ ಮುದುಕಿಯ ಮನೆಗೆ ಹೋಗಿ, ಇನ್ನು ಮೇಲೆ 'ನಿಂತಾವ' ಎಂದೇ ಕೂಗು ಎಂದು ಹೇಳಿ ಬಂದಿದ್ದೆ. ಯಾಕೆ ಎಂದು ಆಕೆ ಕೇಳಲಿಲ್ಲ. ಆಕೆಗೆ ಬಹುಶಃ ನನಗಿಂತ ಮೊದಲೇ ಗೊತ್ತಿತ್ತು.

ಗುರುವಾರ ಮಾಲಕರು ತಾವೇ ವಾಲ್ ಹಿಡಿದು ನಿಂತರು. ನೀರು ಬಿಟ್ಟರು, ಹಸಿರು ದೀಪ ಹತ್ತಿತು. ಮಾಮಾ ಗುಂಡಿ ಒತ್ತಿದರು, ಬ್ಲೇಡು ತಿರುಗಿತು. ನೀರು ನಿಲ್ಲಿಸಿದರು, ಬ್ಲೇಡೂ ನಿಂತಿತು. ಮತ್ತೆ ಬಿಟ್ಟರು, ಬ್ಲೇಡು ಕಾಯುತ್ತ ನಿಂತಿತು. ಮಾಮಾ ದೀಪ ನೋಡಿ, ಕೈ ತೆಗೆದು, ಗುಂಡಿ ಒತ್ತಿದರು. ಐದಾರು ಸಲ ಹೀಗೇ. ಮುದುಕಿ ಕೂಗುವ ಮೊದಲೇ ಮಾಮಾರಿಗೆ ತಿಳಿದಿರುತ್ತಿತ್ತು. ಒಮ್ಮೆಯೂ ಉಲ್ಟಾ ಆಗಲಿಲ್ಲ.

ಮಾಲಕರ ಮುಖ ಅರಳಿತು. ಮಷಿನಿನ ಸದ್ದಿನಲ್ಲೇ ಮಾಮಾರ ಪಕ್ಕಕ್ಕೆ ಬಂದು ನಗುತ್ತ ಕೇಳಿದರು:

"ಏನಪಾ, ಕಿವಿಗೆ ಔಷಧ ಹಾಕಿಸ್ಕೊಂಡಿಯೇನು? ಈಗೆಲ್ಲಾ ಕೇಳಸ್ತದ?"

ಮಾಮಾ ಅವರ ನಗುವ ಮುಖ ನೋಡಿದರು. ತಾವೂ ನಕ್ಕು ತಲೆಯಾಡಿಸಿದರು.

"ಹೂಂರಿ. ಬರೋಬ್ಬರಿ ಅದ."

ಮಾಲಕರು ಅವರ ಬೆನ್ನು ತಟ್ಟಿ, ಈ ಮಷಿನ್ ಇವನದೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಆಫೀಸಿನ ಕಡೆ ಹೋದರು. ಅದನ್ನು ಕೇಳಿಸಿಕೊಳ್ಳದಿದ್ದವರು ಅಲ್ಲಿ ಒಬ್ಬರೇ. ನಾನು ಅವರ ಎದುರಿಗೆ ಹೋಗಿ ನಿಂತು, ತುಟಿ ಕಾಣುವ ಹಾಗೆ, ನಿಧಾನವಾಗಿ ಅದನ್ನೇ ಇನ್ನೊಮ್ಮೆ ಹೇಳಿದೆ.